ಮನೆ ನೋಡಲು ಹೋದಾಗ ನೆಲ ನಡುಗಿತು

ಗಂಡಿನ ಮನೆ ನೋಡಲು ಹೆಣ್ಣೇ ಹೋಗುವ ಪದ್ಧತಿ ಅವರ ಕಡೆ ಇರಲಿಲ್ಲ. ಹಿರಿಯರು ಹೋಗುತ್ತಾರೆ, ತೋಟ, ಕೊಟ್ಟಿಗೆ, ಬೋರ್‌ವೆಲ್ ನೋಡುತ್ತಾರೆ, ಉಂಡು ಬರುತ್ತಾರೆ. ಭಾನುಪ್ರಿಯ ಮಾತ್ರ ನಾನೂ ಬರುತ್ತೇನೆ ಎಂದು ಹಟ ಹಿಡಿದು ಎಲ್ಲರಿಗಿಂತ ಮೊದಲೇ ಕಾರು ಹತ್ತಿ ಕುಳಿತಿದ್ದಳು. ತಿಪ್ಪಸಂದ್ರದಿಂದ ಹೊರಟು ಮಾಗಡಿ, ರಾಮನಗರ, ಚನ್ನಪಟ್ಟಣ ದಾಟಿ ಅಕ್ಕೂರು ಸೇರುವವರೆಗೂ ಸೋದರಮಾವ ರಾಮಲಿಂಗಯ್ಯ ಮುಂದಿನ ಸೀಟಿನಲ್ಲಿ ಮುಖ ಊದಿಸಿಕೊಂಡೇ ಇದ್ದ. ಆತನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ.

ಅವಳ ಹಟಕ್ಕೆ ಕಾರಣವಿತ್ತು. ಎರಡು ವರ್ಷದ ಹಿಂದೆ ಬೇರೊಬ್ಬನ ಜೊತೆ ಅವಳ ನಿಶ್ಚಿತಾರ್ಥವಾಗಿತ್ತು. ಲಗ್ನಪತ್ರಿಕೆ ಹಂಚಿಯೂ ಆಗಿತ್ತು. ಮದುವೆಗೆ ಹದಿನೈದು ದಿನ ಇರುವಾಗ ಆ ಹುಡುಗ ಫೋನ್ ಮಾಡಿ, ಮನೆಯವರ ಬಲವಂತಕ್ಕೆ ಒಪ್ಪಿದ್ದೆ, ನನಗೆ ಮೊದಲಿನಿಂದಲೂ ಇಷ್ಟವಿರಲಿಲ್ಲ ಎಂದಿದ್ದ. ಒಲ್ಲದ ಗಂಡನಿಗೆ ಮೊಸರಿನಲ್ಲೂ ಕಲ್ಲು ಎನ್ನುತ್ತಾರಲ್ಲ, ಆ ಗಾದೆಯ ಅರ್ಥ ಅವಳಿಗೆ ಚೆನ್ನಾಗಿ ನಾಟಿತು. ಇನ್ನು ಮದುವೆಯಾದರೆ ತನ್ನನ್ನು ತಾನಾಗಿ ಬಯಸಿದವನನ್ನೇ, ಇಲ್ಲದಿದ್ದರೆ ಮಾಗಡಿಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿಕೊಂಡು ಹಾಯಾಗಿರುವುದು ಎಂದು ತೀರ್ಮಾನಿಸಿದ್ದಳು.

ಈಗಿನ ಗಂಡು ಯೋಗಾನಂದನ ವಿಷಯದಲ್ಲೂ ಅವಳಿಗೆ ಅದೇ ಅನುಮಾನ. ಮೂರು ವಾರದ ಹಿಂದೆ ಹೆಣ್ಣು ನೋಡಲು ಬಂದವನು ಉಪ್ಪಿಟ್ಟು ತಿಂದು, ಕಾಫಿ ಕುಡಿದು, ತುಟಿ ಪಿಟಿಕ್ ಅನ್ನದೆ ಎದ್ದು ಹೋಗಿದ್ದ. ಅವಳು ಸರಿಯಾಗಿ ನೋಡಿದ್ದು ಅವನ ಬೈತಲೆಯನ್ನಷ್ಟೇ. ಹಾಗಿದ್ದೂ ಮಾರನೆಯ ದಿನವೇ ಒಪ್ಪಿಗೆ ಎಂದು ಹೇಳಿ ಕಳಿಸಿದ್ದರು. ಯಾರ ಒಪ್ಪಿಗೆ ಎಂದು ಯಾರೂ ಹೇಳಲಿಲ್ಲ. ಅಪ್ಪ ಕೆಂಪರಾಜು ಮಗಳ ಕಣ್ಣಿನಲ್ಲಿ ಇನ್ನೊಮ್ಮೆ ನೀರು ನೋಡಲಾರದವನು. ಕಾರು ಇಳಿಯುವಾಗ ಅವಳ ಕಿವಿಯ ಹತ್ತಿರ ಬಗ್ಗಿ, "ನೀನು ಹೂಂ ಅಂದ್ರೆ ಹೂಂ, ಊಹೂಂ ಅಂದ್ರೆ ಊಹೂಂ. ಹೊರಡೋದ್ರೊಳಗೆ ಹೇಳ್ಬುಡವ್ವ" ಎಂದ.

ಅಕ್ಕೂರಿನ ಆ ಮನೆಯಲ್ಲಿ ಅಂದು ಬೀಗರಿಗಿಂತ ಹುಳುಗಳದ್ದೇ ದರ್ಬಾರು. ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟುವ ದಿನ; ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟಿಸುವ ಬಿದಿರ ತಟ್ಟಿಗೆ, ಬಿಡುವ ಕೆಲಸ ಒಂದು ಗಂಟೆಯೂ ತಡೆಯುವಂತಿಲ್ಲ. ಊಟವಾದ ಮೇಲೆ ಯೋಗಾನಂದನ ಅಜ್ಜಿ ಕೆಂಚಮ್ಮ, ಬಾ ತೋರಿಸ್ತೀನಿ ಎಂದು ಭಾನುಪ್ರಿಯಳನ್ನು ಹಿತ್ತಲಿನ ಹುಳುಮನೆಗೆ ಕರೆದುಕೊಂಡು ಹೋದಳು. ಬಾಗಿಲಲ್ಲೇ ಯೋಗಾನಂದ ನಿಂತಿದ್ದ. ಆ ಮಹಾರಾಯ ಅವಳೊಂದಿಗೆ ಆಡಿದ ಮೊದಲ ಮಾತು ಇದು:

"ಚಪ್ಪಲಿ ಬುಟ್ಟು, ಕಾಲು ತೊಳ್ಕಂಡು, ಆ ಸುಣ್ಣದ ಪುಡಿ ತುಳ್ದು ಬನ್ನಿ. ಸೆಂಟು ಹಾಕಿದ್ರೆ ಅದ್ನೂ ಒಸಿ ತೊಳ್ಕಳಿ. ಹುಳಕ್ಕಾಗಲ್ಲ."

ತಂಗಿಯ ಹತ್ತಿರ ಕಾಡಿ ಬೇಡಿ ಹಾಕಿಸಿಕೊಂಡು ಬಂದಿದ್ದ ಸೆಂಟು ನಲ್ಲಿಯ ನೀರಿನಲ್ಲಿ ಹರಿದುಹೋಯಿತು. ಅವಳಿಗೆ ಸಿಟ್ಟೂ ಬಂತು, ನಗುವೂ ಬಂತು. ಬೇಜಾರು ಮಾಡ್ಕಬ್ಯಾಡ ಕಣವ್ವ, ಹೆತ್ತ ತಾಯಿಯನ್ನೂ ಇವನು ಕಾಲು ತೊಳೆಯದೆ ಒಳಗೆ ಬಿಡುವುದಿಲ್ಲ ಎಂದು ಅಜ್ಜಿ ಸಮಾಧಾನ ಹೇಳಿದಳು. ಅಷ್ಟರಲ್ಲಿ ಹಿರಿಯರು ಕಾಫಿಗೆ ಕೂಗಿದರು. ಯೋಗಾನಂದ ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು ಮುಂದಿನ ಮನೆಗೆ ಹೋದ. ಸ್ವಲ್ಪ ಹೊತ್ತಿಗೆ ಅಜ್ಜಿಯೂ ಮೊರ ತರಲು ಎದ್ದಳು.

ಒಬ್ಬಳೇ ಉಳಿದ ಭಾನುಪ್ರಿಯ ಹಳದಿಗೆ ತಿರುಗಿದ ಹುಳುಗಳನ್ನು ಒಂದೊಂದಾಗಿ ಎತ್ತಿ ಚಂದ್ರಿಕೆಯ ಬಿದಿರ ಸುರುಳಿಯೊಳಗೆ ಬಿಡುತ್ತಾ ಕುಳಿತಳು. ಬೆರಳಿಗೆ ತಣ್ಣಗೆ, ಮೆತ್ತಗೆ ತಾಗುತ್ತಿದ್ದವು. ಮನಸ್ಸು ಮಾತ್ರ ಊಹೂಂ ಕಡೆಗೇ ವಾಲುತ್ತಿತ್ತು. ಹುಳುವಿನ ಮೇಲಿರುವ ಅಕ್ಕರೆಯಲ್ಲಿ ಕಾಲುಭಾಗ ತನ್ನ ಮೇಲೆ ಇದ್ದಿದ್ದರೆ ಒಂದು ಸಲವಾದರೂ ಮುಖ ನೋಡುತ್ತಿದ್ದನಲ್ಲ ಎನಿಸಿತು.

ಆಗ ನೆಲ ಗುಡುಗಿತು. ಮೇಲಿನ ಶೀಟುಗಳು ಗಡಗಡ ಅಂದವು. ಗೋಡೆಗೆ ಒರಗಿಸಿದ್ದ ಚಂದ್ರಿಕೆಗಳು ಮೆಲ್ಲಗೆ ಜಾರತೊಡಗಿದವು.

ಭಾನುಪ್ರಿಯ ಹೆದರಲಿಲ್ಲ. ಗಡಿಯಾರ ನೋಡಿಕೊಂಡಳು, ಮೂರಕ್ಕೆ ಎರಡು ನಿಮಿಷ. ತಿಪ್ಪಸಂದ್ರದ ಪಕ್ಕ ಕಲ್ಲುಕ್ವಾರಿ ಇದೆ. ದಿನಾ ಮೂರು ಗಂಟೆಗೆ ಮದ್ದು ಸಿಡಿಸುತ್ತಾರೆ, ಮನೆ ಅದುರುತ್ತದೆ, ಪಾತ್ರೆ ಕುಣಿಯುತ್ತವೆ, ಯಾರೂ ಮಾಡುತ್ತಿದ್ದ ಕೆಲಸ ಬಿಟ್ಟು ಏಳುವುದಿಲ್ಲ. ಹುಟ್ಟಿದಾಗಿನಿಂದ ಅದರಲ್ಲೇ ಬೆಳೆದವಳು ಇವತ್ತು ಮದ್ದು ಒಂದು ಹಿಡಿ ಜಾಸ್ತಿ ಹಾಕಿದ್ದಾರೆ ಎಂದುಕೊಂಡು, ಎರಡೂ ಕೈಯಿಂದ ಚಂದ್ರಿಕೆ ಹಿಡಿದು ಕುಳಿತಳು. ಮುಂದಿನ ಹಜಾರದಲ್ಲಿ ಅವಳಪ್ಪ, ಮಾವ ಕೂಡ ಹಾಗೆಯೇ ಕಾಫಿ ಲೋಟ ಹಿಡಿದು ಕುಳಿತಿದ್ದರು. ಮನೆಯವರು ಮಾತ್ರ ಕಾಲಿಗೆ ಬುದ್ಧಿ ಹೇಳಿ ಬೀದಿಗೆ ಓಡಿದ್ದರು.

ಹುಳುಮನೆಯ ಬಾಗಿಲು ದಡಾರನೆ ತೆರೆಯಿತು. ಯೋಗಾನಂದ ನುಗ್ಗಿದವನೇ ಅವಳ ಮಣಿಕಟ್ಟು ಹಿಡಿದು ಎಳೆದ. ಚಂದ್ರಿಕೆ ಬಿದ್ದು ಹುಳುಗಳು ನೆಲದ ತುಂಬಾ ಚೆಲ್ಲಿದವು. ಅವನು ತಿರುಗಿಯೂ ನೋಡಲಿಲ್ಲ. ಹಿತ್ತಲು ದಾಟಿ, ಹಿಪ್ಪುನೇರಳೆ ತೋಟದ ನಡುವಿನ ಬಯಲಿಗೆ ಬಂದ ಮೇಲೆಯೇ ನಿಂತದ್ದು.

"ಯಾಕ್ ಹಿಂಗೆ ಎಳ್ಕಂಡ್ ಬಂದ್ರಿ? ಮೂರು ಗಂಟೆ ಮದ್ದಲ್ವಾ ಅದು" ಎಂದಳು ಭಾನುಪ್ರಿಯ.

"ಯಾವ ಮದ್ದು?"

"ಕ್ವಾರಿದು."

"ಇಲ್ಲೆಲ್ಲೈತೆ ಕ್ವಾರಿ? ಭೂಮಿ ನಡುಗಿದ್ದು ಕಣ್ರಿ."

ನಡುಕ ಆಗಲೇ ನಿಂತಿತ್ತು. ಆದರೆ ಆ ಮಾತು ಕೇಳಿದ ಮೇಲೆ ಅವಳಿಗೆ ಹೆದರಿಕೆ ಹತ್ತಿತು. ಬದುವಿನ ಮೇಲೆ ಹಾಗೆಯೇ ಕುಸಿದು ಕುಳಿತಳು. ಅವನು ಆಗ ಗಮನಿಸಿದ, ತಾನಿನ್ನೂ ಅವಳ ಕೈ ಹಿಡಿದೇ ಇದ್ದೇನೆ ಎಂದು. ಬೆಂಕಿ ಮುಟ್ಟಿದವನ ಹಾಗೆ ಬಿಟ್ಟ. ಬಿಟ್ಟ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಜೇಬಿಗೆ ಹಾಕಿ, ತೆಗೆದು, ಕೊನೆಗೆ ಕತ್ತು ಕೆರೆದುಕೊಂಡ. ಅವನ ಕಿವಿ ಕೆಂಪಗಾದದ್ದು ಅವಳಿಗೆ ಕಾಣಿಸಿತು. ಅಷ್ಟು ಹೆದರಿಕೆಯಲ್ಲೂ ಅದೊಂದು ಚೆಂದವಾಗಿಯೇ ಕಂಡಿತು.

ಅವಳ ಕಣ್ಣು ಅವನ ಪಾದಕ್ಕೆ ಇಳಿಯಿತು. ಕಾಲಲ್ಲಿ ಕೆಸರು ಮೆತ್ತಿದ ಚಪ್ಪಲಿ ಇತ್ತು. ಅಂಚಿಗೆ ಜಜ್ಜಿಹೋದ ಒಂದೆರಡು ಹುಳು ಅಂಟಿದ್ದವು.

"ನೀವು ಚಪ್ಪಲೀಲೇ ಹುಳುಮನೆಗೆ ಬಂದ್ರಿ" ಎಂದಳು.

ಅವನು ಬಗ್ಗಿ ನೋಡಿಕೊಂಡ. ಅಯ್ಯೋ ಎಂಬ ಸದ್ದು ಗಂಟಲಲ್ಲೇ ಉಳಿಯಿತು. "ಗ್ಯಾನ ಇರ್ನಿಲ್ಲ. ನೀವು ಒಳಗಿದ್ರಲ್ಲ" ಎಂದ.

ಅವಳಿಗೆ ಈಗ ಕೇಳದಿದ್ದರೆ ಇನ್ನು ಯಾವತ್ತೂ ಕೇಳಲಾಗದು ಎನಿಸಿತು. ಅವತ್ತು ನಮ್ಮ ಮನೆಯಲ್ಲಿ ಒಮ್ಮೆಯೂ ನನ್ನ ಕಡೆ ನೋಡಲಿಲ್ಲ, ಮನೆಯವರು ಬಲವಂತ ಮಾಡಿದ್ದರೆ ಹೇಳಿಬಿಡಿ, ನನಗೆ ಬೇಜಾರಿಲ್ಲ ಎಂದಳು. ಬೇಜಾರಿಲ್ಲ ಎನ್ನುವಾಗ ಬದುವಿನ ಹುಲ್ಲು ಕಿತ್ತಳು.

ಯೋಗಾನಂದ ತುಸು ದೂರದಲ್ಲಿ ಕುಕ್ಕರಗಾಲಲ್ಲಿ ಕುಳಿತ. "ನೋಡ್ದೆ. ಕಾಫಿ ಕೊಡುವಾಗ ನಿಮ್ಮ ಎಡಗೈ ತೋರುಬೆರಳಿಗೆ ಪ್ಲಾಸ್ಟರ್ ಇತ್ತು. ಕೆನ್ನೆ ಮ್ಯಾಲೆ ಇಲ್ಲಿ ಒಸಿ ಹಿಟ್ಟು ಅಂಟಿತ್ತು. ನೀವು ಟಿವಿ ಕಡೆಗೆ ತಿರುಗ್ದಾಗೆಲ್ಲ ನೋಡ್ದೆ." ಚಪ್ಪಲಿ ಕಳಚಿ ಪಕ್ಕಕ್ಕಿಟ್ಟು ಮುಂದುವರಿಸಿದ. "ಹಿಂದೆ ಆಗಿದ್ದು ನಂಗೆ ಗೊತ್ತಿತ್ತು. ಇನ್ನೊಬ್ಬ ಬಂದು ಕಣ್ಣಲ್ಲಿ ಕಣ್ಣಿಟ್ಟು ನೋಡುದ್ರೆ ನೋವಾಗುತ್ತೇನೋ ಅಂತ ತಲೆ ಬಗ್ಗಿಸ್ಕಂಡೆ. ನಮ್ಮೋರಿಗೆ ತಿಪ್ಪಸಂದ್ರ ದೂರ ಆಯ್ತು, ಬ್ಯಾಡ ಅಂತಿದ್ರು. ಬಲವಂತ ಮಾಡಿದ್ದು ನಾನು ಕಣ್ರಿ, ಅವರಿಗೆ."

ಭಾನುಪ್ರಿಯಳಿಗೆ ಎರಡು ವರ್ಷದಿಂದ ಎದೆಯ ಮೇಲಿದ್ದ ಭಾರ ಯಾರೋ ಇಳಿಸಿದಂತಾಗಿ, ಉಸಿರು ತಾನೇತಾನಾಗಿ ಹೊರಬಂತು. ಅವನು ಓರೆಗಣ್ಣಿನಲ್ಲಿ ಅವಳನ್ನು ನೋಡಿದ, ಅವಳು ಕದ್ದು ಅವನನ್ನು ನೋಡಿದಳು, ಇಬ್ಬರೂ ಸಿಕ್ಕಿಬಿದ್ದರು.

ಮುಂಬಾಗಿಲಿಗೆ ಬಂದರೆ ಅಲ್ಲಿ ಬೇರೆಯೇ ಭೂಕಂಪ. ಯಾರಿಗೂ ಏನೂ ಆಗಿರಲಿಲ್ಲ. ನಾಲ್ಕು ಹೆಂಚು ಜಾರಿದ್ದವು ಅಷ್ಟೇ. ಸಣ್ಣ ನಡುಕ, ಗಾಬರಿ ಬೇಡ ಎಂದು ಆಗಲೇ ಎಲ್ಲರ ಮೊಬೈಲಿಗೂ ಬಂದಿತ್ತು. ಬೀದಿಯ ಜನ ಹೋದ ಜೀವ ಬಂದಂತೆ ನಗುತ್ತಿದ್ದರು. ಆದರೆ ರಾಮಲಿಂಗಯ್ಯನಿಗೆ ತಾನು ಅಷ್ಟು ಹೊತ್ತು ಆರಾಮಾಗಿ ಕಾಫಿ ಹೀರಿದ್ದು ಭೂಕಂಪದಲ್ಲಿ ಎಂದು ಈಗ ತಿಳಿದು, ತಡವಾಗಿ ಬಂದ ಹೆದರಿಕೆಯೆಲ್ಲ ಸಿಟ್ಟಾಗಿತ್ತು. ಕಾರಿನ ಬಾಗಿಲು ತೆಗೆದು ನಿಂತಿದ್ದ.

"ಮನೆಗೆ ಬಂದ ಬೀಗರನ್ನ ಒಳಗೇ ಬುಟ್ಟು ಓಡೋಗ್ಬುಟ್ರಲ್ಲ. ನಾಳೆ ನಮ್ಮ ಮಗೀನೂ ಹಿಂಗೇ ಬುಟ್ಬುಡ್ತಾರೆ. ನಡಿ ಭಾವ, ಈ ಸಂಬಂಧ ಬ್ಯಾಡ."

ಕೆಂಚಮ್ಮ ಕೈ ಮುಗಿದು ನಿಂತಿದ್ದಳು. ಯೋಗಾನಂದನ ಮುಖ ಬಿಳಿಚಿಕೊಂಡಿತು. ಕೆಂಪರಾಜು ಮಗಳ ಕಡೆ ನೋಡಿದ. ಎಲ್ಲರೂ ಅವಳ ಕಡೆ ನೋಡಿದರು.

ಭಾನುಪ್ರಿಯ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. "ಓಡೋದ್ರು, ನಿಜ ಮಾವ. ನಾವು ಕುಂತಿದ್ದೇನು ಧೈರ್ಯಕ್ಕಾ? ಕ್ವಾರಿ ಮದ್ದು ಅಂದ್ಕಂಡು ಕುಂತಿದ್ವಿ. ಗೊತ್ತಾಗಿದ್ರೆ ಎಲ್ರಿಗಿಂತ ಮುಂದೆ ನೀನೇ ಓಡ್ತಿದ್ದೆ."

ಬೀದಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮಾವ ಕಾರಿನ ಬಾಗಿಲಿನಿಂದ ಕೈ ತೆಗೆದ.

ಅವಳು ಅಪ್ಪನ ಕಡೆ ತಿರುಗಿದಳು. "ಭೂಮಿ ನಡುಗ್ತಿರೋದು ಗೊತ್ತಿದ್ದೂ ಒಬ್ರು ಮಾತ್ರ ಒಳಕ್ಕೆ ಓಡ್ಬಂದ್ರು, ಅಪ್ಪ. ನನ್ನ ಕರ್ಕಂಡು ಹೋಗಕ್ಕೆ. ನಾನು ಹೂಂ ಅಂತೀನಿ."

ಕೆಂಪರಾಜು ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣೊರೆಸಿಕೊಂಡ. ಆಮೇಲೆ ನಿಧಾನವಾಗಿ ಹೋಗಿ ಕಾರಿನ ಬಾಗಿಲು ಮುಚ್ಚಿ, ಬಾಮೈದನ ಕೈ ಹಿಡಿದುಕೊಂಡು ಮನೆಯೊಳಗೆ ಬಂದ.