ಭೇರುಂಡದ ಅಂಚಿನ ಸೀರೆ

“ನಿಲ್ಸಮ್ಮಾ! ಆ ಸೀರೆ ನಿನಗೆ ಎಲ್ಲಿಂದ ಬಂತು?”

ಲೆಮಾಂಟ್ ದೇವಸ್ಥಾನದ ಸಭಾಂಗಣವೆಲ್ಲ ಆ ದನಿಯತ್ತ ತಿರುಗಿತು. ವೇದಿಕೆಯ ಮೇಲೆ ಮಾತಾಡುತ್ತಿದ್ದ ಇಂಚರ ಅರ್ಧಕ್ಕೇ ನಿಲ್ಲಿಸಿದಳು.

ಅಲ್ಲಿಯವರೆಗೆ ಎಲ್ಲವೂ ಚೆನ್ನಾಗಿಯೇ ನಡೆದಿತ್ತು. ರಾಜ್ಯೋತ್ಸವಕ್ಕೆಂದು ‘ಗಂಡಭೇರುಂಡ’ ಎಂಬ ಪದದ ಬಗ್ಗೆ ಮಾತಾಡಲು ಒಪ್ಪಿದ್ದಳು ಅವಳು. ಮೈಸೂರು ಅರಸರ ಲಾಂಛನವಾಗುವ ಎಷ್ಟೋ ಶತಮಾನ ಮೊದಲೇ ಅದು ವೀರರ ಬಿರುದಾಗಿತ್ತು, ಹಳಗನ್ನಡದಲ್ಲಿ ಗಂಡ ಎಂದರೆ ಶೂರ, ಭೇರುಂಡವೆಂದರೆ ಆನೆಯನ್ನೇ ಎತ್ತಿಕೊಂಡು ಹಾರುವ ಎರಡು ತಲೆಯ ಹಕ್ಕಿ ಎಂದು ವಿವರಿಸಿ, ಉಟ್ಟ ಸೀರೆಯ ಅಂಚಿನಲ್ಲಿದ್ದ ಅದೇ ಹಕ್ಕಿಯನ್ನು ತೋರಿಸಿದ್ದಳು. ಆಗಲೇ ಮುಂದಿನ ಸಾಲಿನಿಂದ ಆ ಹೆಂಗಸು ದಡಕ್ಕನೆ ಎದ್ದದ್ದು.

“ಇದು... ಡೆಟ್ರಾಯಿಟ್‌ನಿಂದ ಸಮರ್ಥ ಅವರು ಕಳಿಸಿದ್ದು, ಆಂಟಿ.”

“ನಾನು ಅವನ ತಾಯಿ, ಪದ್ಮಜಾ! ಅದು ನಮ್ಮತ್ತೆಯ ಧಾರೆ ಸೀರೆ. ನಮ್ಮನೇಲಿ ಸೊಸೆ ಬಿಟ್ಟು ಇನ್ಯಾರೂ ಅದನ್ನ ಉಡಲ್ಲ! ಅಯ್ಯೋ ದೇವರೇ... ನನಗೆ ಹೇಳದೇ ಮದುವೆ ಆಗ್ಬಿಟ್ನಾ?”

ಇನ್ನೂರು ಜನರ ಕಣ್ಣು ಇಂಚರಳ ಮೇಲೆ! ಮೈಕ್ ಅಲ್ಲೇ ಬಿಟ್ಟು ಗ್ರೀನ್ ರೂಮಿಗೆ ಓಡಿದಳು.

ಸಮರ್ಥನನ್ನು ಅವಳು ಇನ್ನೂ ಮುಖತಃ ನೋಡಿಯೇ ಇರಲಿಲ್ಲ! ಗಂಡಭೇರುಂಡ ಪದದ ನೆಪದಲ್ಲಿ ಮೂರು ತಿಂಗಳಿಂದ ಫೋನಿನಲ್ಲಿ ಮಾತು. ಶಾಸನಗಳಿಂದ ಶುರುವಾದದ್ದು ಶಾಮ್‌ಬರ್ಗ್‌ನ ಅವಳ ಅಪಾರ್ಟ್‌ಮೆಂಟಿನ ಹೀಟರ್ ಕೆಟ್ಟ ಸುದ್ದಿಯವರೆಗೂ ಬಂದಿತ್ತು. ಪ್ರೀತಿ ಎಂದು ಇಬ್ಬರೂ ಬಾಯಿಬಿಟ್ಟಿರಲಿಲ್ಲ. ಆದರೆ ಅವಳ ಮನಸ್ಸು ಎಂದೋ ಅವನ ಪಾಲಾಗಿತ್ತು.

ಇನ್ನು ಅವನು ನನ್ನ ಮುಖ ನೋಡ್ತಾನಾ...?

“ಇಂಚರಾ!” ಅಮ್ಮನನ್ನು ಇಳಿಸಿ, ಕಾರು ಪಾರ್ಕ್ ಮಾಡಿ ಬಂದ ಸಮರ್ಥ ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತಿದ್ದ. ಹಿಂದೆಯೇ ಪದ್ಮಜಾ.

“ನಾನು... ಆ ಸೀರೆನ ಟೇಬಲ್ ಮೇಲೆ ಡಿಸ್‌ಪ್ಲೇಗೆ ಅಂತ ಕಳಿಸಿದ್ದೆ.”

“ಡಿಸ್‌ಪ್ಲೇಗಾ?!” ಅವಳಿಗೆ ಇನ್ನೊಂದು ಆಘಾತ. ನಾಚಿಕೆಯಿಂದ ಕಣ್ಣು ತುಂಬಿತು. “ಸಾರಿ... ಬಾಕ್ಸ್‌ನಲ್ಲಿ ಅರಿಶಿನ ಕುಂಕುಮದ ಪೊಟ್ಟಣ ಇತ್ತು. ಅದಕ್ಕೇ ಉಡೋಕೆ ಕೊಟ್ಟಿದೀರ ಅಂದ್ಕೊಂಡೆ. ಈಗ್ಲೇ ಬದಲಾಯಿಸಿ ವಾಪಸ್ ಕೊಡ್ತೀನಿ.”

ಪದ್ಮಜಾ ನಿಧಾನವಾಗಿ ಮಗನತ್ತ ತಿರುಗಿದರು.

“ಟೇಬಲ್ ಮೇಲೆ ಹರಡೋ ಸೀರೆಗೆ ಅರಿಶಿನ ಕುಂಕುಮ ಯಾಕೋ?”

ಸಮರ್ಥ ಕಳ್ಳ ಸಿಕ್ಕಿಬಿದ್ದಂತೆ ತಲೆ ತಗ್ಗಿಸಿದ.

“ಬರೀ ಸೀರೆ ಕಳಿಸೋಕೆ ಮನಸ್ಸು ಬರ್ಲಿಲ್ಲಮ್ಮ. ಬಾಯಿಬಿಟ್ಟು ಕೇಳೋ ಧೈರ್ಯಾನೂ ಬರ್ಲಿಲ್ಲ.” ಇಂಚರಳತ್ತ ನೋಡಿದ. “ಗಂಡ ಅಂದ್ರೆ ಶೂರ ಅಂತೀರಲ್ಲ, ನಾನು ಅಂಥ ಶೂರ ಅಲ್ಲ... ಆದ್ರೂ ಈಗ ಕೇಳ್ತೀನಿ. ನನ್ನ ಮದುವೆ ಆಗ್ತೀರಾ?”

ಪದ್ಮಜಾ ಮುಂದೆ ಬಂದರು. ಕೈ ಎತ್ತಿದರು... ಇಂಚರಳ ಭುಜದಿಂದ ಜಾರಿದ್ದ ಸೆರಗನ್ನು ಸರಿಮಾಡಿದರು.

“ಮೊದ್ಲು ಹೋಗಿ ಮಾತು ಮುಗಿಸ್ಬಾ. ಅರ್ಧಕ್ಕೇ ಬಿಟ್ಟು ಬಂದಿದೀಯ,” ಎನ್ನುತ್ತ ಅವರು ನಸುನಕ್ಕರು.

ಇಂಚರ ಕಣ್ಣೊರೆಸಿಕೊಂಡು ಬಾಗಿಲು ದಾಟಿದಳು.

“ಇಂಚರಾ... ಸೀರೆ ವಾಪಸ್ ಕೊಡ್ತೀನಿ ಅಂದ್ರಿ?” ಸಮರ್ಥ ಮೆಲ್ಲಗೆ ಕೇಳಿದ.

ಅವಳು ಸೆರಗನ್ನು ಭದ್ರವಾಗಿ ಹಿಡಿದುಕೊಂಡು ತಿರುಗಿದಳು.

“ಇನ್ನು ಕೊಡಲ್ಲ!”