ಸೂರ್ಯನ ಹಣೆಗೆ ಬೊಟ್ಟು

“ಅಜ್ಜೀ, ಅಲ್ಲೇ ನಿಲ್ಲು! ಸೂರ್ಯನಿಗೆ ಅಡ್ಡ ಬರಬೇಡ!”

ಮೊರ ಹಿಡಿದು ಅಂಗಳ ದಾಟುತ್ತಿದ್ದ ಕದರಮ್ಮಜ್ಜಿ ಗಕ್ಕನೆ ನಿಂತಳು. “ಸೂರ್ಯಪ್ಪಂಗೆ ಅಡ್ಡ ಬರಾಕೆ ನಾನೇನು ಮಧುಗಿರಿ ಬೆಟ್ಟವೇನಮ್ಮಿ?”

ಮೊಮ್ಮಗಳು ರಕ್ಷಾಗೆ ನಗುವಷ್ಟು ಪುರುಸೊತ್ತು ಇರಲಿಲ್ಲ. ಅವಳ ಮುಂದೆ ಸ್ಟ್ಯಾಂಡಿನ ಮೇಲೆ ಶಾಲೆಯ ಪುಟ್ಟ ಟೆಲಿಸ್ಕೋಪು ನಿಂತಿತ್ತು. ಅದರ ಹಿಂದೆ ಹಿಡಿದಿದ್ದ ಬಿಳಿ ಹಾಳೆಯ ಮೇಲೆ ಸೂರ್ಯ ದುಂಡಗೆ, ಅಕ್ಕಿ ರೊಟ್ಟಿಯ ಹಾಗೆ ಬಿದ್ದಿದ್ದ.

ದಸರಾ ರಜೆಗೆ ಟೆಲಿಸ್ಕೋಪನ್ನು ಮನೆಗೆ ಕೊಡುವಾಗ ಮಲ್ಲಿಕಾರ್ಜುನಯ್ಯ ಮೇಷ್ಟ್ರು ಎರಡೇ ಮಾತು ಹೇಳಿದ್ದರು. ಒಂದು, ಇದಕ್ಕೆ ಕಣ್ಣಿಟ್ಟು ಸೂರ್ಯನನ್ನು ನೋಡಲೇಬಾರದು, ಕಣ್ಣೇ ಹೋಗಿಬಿಡುತ್ತದೆ. ಹಾಳೆಯ ಮೇಲೆ ಮಾತ್ರ ನೋಡಬೇಕು. ಇನ್ನೊಂದು, ಸೂರ್ಯನ ಮೇಲೆ ಕಾಣುವ ಕಪ್ಪು ಕಲೆಗಳನ್ನು ಇಪ್ಪತ್ತೇಳು ದಿನ ತಪ್ಪದೆ ಬರೆಯಬೇಕು. ಸೂರ್ಯ ಒಂದು ಸುತ್ತು ತಿರುಗಲು ಹೆಚ್ಚು ಕಡಿಮೆ ಅಷ್ಟು ದಿನ ಬೇಕಂತೆ.

ಇವತ್ತು ಹದಿನೆಂಟನೆಯ ದಿನ. ಪ್ರತಿ ಪುಟದ ಕೆಳಗೂ ‘ನೋಡಿದವರು: ರಕ್ಷಾ, ಐದನೇ ತರಗತಿ’ ಎಂದು ದುಂಡಗೆ ಬರೆದಿತ್ತು.

ಹದಿನಾರು ದಿನ ಸಾಸಿವೆ ಕಾಳಿನಂಥ ಸಣ್ಣ ಸಣ್ಣ ಕಲೆಗಳೇ ಕಂಡಿದ್ದವು. ನಿನ್ನೆ ನೋಡಿದರೆ, ಅಬ್ಬಾ! ಹುಣಸೆ ಬೀಜದಷ್ಟು ದೊಡ್ಡ ಕಲೆ! ರಕ್ಷಾ ಅಂಗಳದಲ್ಲೇ ಕುಣಿದಿದ್ದಳು. ಅಣ್ಣನ ಫೋನಿನಲ್ಲಿ ಚಿತ್ರ ತೆಗೆದು ಮೇಷ್ಟ್ರಿಗೆ ಕಳಿಸಿದ್ದಳು.

“ಭೇಷ್ ಕಣಮ್ಮ!” ಅಂದಿದ್ದರು ಮೇಷ್ಟ್ರು. “ನಾಳೆದೂ ಬರಲಿ. ಎರಡೂ ಸೇರಿಸಿ ವಿಜ್ಞಾನಿಗಳಿಗೆ ಕಳಿಸೋಣ. ಕೆಳಗೆ ನಿನ್ನ ಹೆಸರೇ ಇರುತ್ತೆ.”

ಆ ಮಾತು ಕೇಳಿದ ಮೇಲೆ ರಕ್ಷಾಳ ಕಾಲು ನೆಲದ ಮೇಲಿರಲಿಲ್ಲ. ಅಜ್ಜಿಗೆ ಪಾಠವನ್ನೇ ಮಾಡಿಬಿಟ್ಟಳು. “ದೊಡ್ಡ ಕಲೆ ಇದ್ದ ಕಡೆ ಸೂರ್ಯ ಒಂದೊಂದ್ಸಲ ಸಿಡೀತಾನೆ ಅಜ್ಜಿ. ಆ ಬಿರುಗಾಳಿ ಭೂಮಿ ತನಕ ಬರುತ್ತೆ. ಮೇಲೆ ಸುತ್ತೋ ಸ್ಯಾಟಲೈಟ್ ಕೆಡಬಹುದು. ಅದಕ್ಕೇ ನಮ್ಮ ದೇಶದ ಆದಿತ್ಯ ನೌಕೆ ಬಾಹ್ಯಾಕಾಶದಲ್ಲಿ ಸೂರ್ಯನನ್ನೇ ನೋಡ್ತಾ ಕಾಯ್ತಾ ಇರೋದು.”

“ಅಯ್ಯೋ ಶಿವನೇ! ಫೋನೂ ಕೆಡ್ತದಾ?”

“ಹೇಳಕ್ಕಾಗಲ್ಲ,” ಎಂದು ರಕ್ಷಾ ದೊಡ್ಡ ಮನುಷ್ಯಳ ಹಾಗೆ ತಲೆಯಾಡಿಸಿದ್ದಳು.

ಅಜ್ಜಿ ತಡಮಾಡಲಿಲ್ಲ. ಪಾವಗಡದಲ್ಲಿರುವ ಮಗಳಿಗೆ ಆಗಲೇ ಫೋನ್ ಹಚ್ಚಿದಳು. “ಮಂಗಳಾ, ನಾಳಿಕೆ ನನ್ನ ಫೋನ್ ಬರದಿದ್ರೆ ಗಾಬರಿ ಆಗಬ್ಯಾಡ ಕಣವ್ವ. ಸೂರ್ಯಪ್ಪ ಸಿಡೀತಾನಂತೆ!”

ಈಗ ರಕ್ಷಾ ಹಾಳೆಯನ್ನು ನೋಡಿದಳು. ದೊಡ್ಡ ಕಲೆ ಇತ್ತು. ಸದ್ಯ! ಆದರೆ ನಿನ್ನೆ ಎಲ್ಲಿತ್ತೋ ಅಲ್ಲೇ ಇತ್ತು. ಸಣ್ಣ ಕಲೆಗಳಾದರೆ ದಿನಕ್ಕಿಷ್ಟು ಅಂತ ಸರಿಯುತ್ತಿದ್ದವು.

‘ದೊಡ್ಡದಲ್ವಾ, ಭಾರ. ನಿಧಾನಕ್ಕೆ ಸರಿಯುತ್ತೆ’ ಅಂದುಕೊಂಡಳು.

“ನಂಗೂ ಒಂದೀಟು ತೋರ್ಸಮ್ಮಿ,” ಎಂದು ಅಜ್ಜಿ ಮೊರ ಕೆಳಗಿಟ್ಟು ಹಾಳೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ದಿನವೂ ಸೂರ್ಯ ಜಾರಿದಂತೆಲ್ಲ ರಕ್ಷಾ ಕೊಳವೆಯನ್ನು ಮೆಲ್ಲಗೆ ಸರಿಸಿ ಮತ್ತೆ ನಡುವಿಗೆ ತರುತ್ತಿದ್ದಳು. ಇವತ್ತು ಅಜ್ಜಿ ನೋಡಲಿ ಎಂದು ಸುಮ್ಮನೆ ಬಿಟ್ಟಳು.

ಅಜ್ಜಿ ಹುಬ್ಬಿನ ಮೇಲೆ ಕೈಯಿಟ್ಟು ನೋಡಿದಳು. ಅಕ್ಕಿಯಲ್ಲಿ ಕಲ್ಲು ಹುಡುಕುವ ಕಣ್ಣು ಅದು, ಸುಮ್ಮನೆ ಅಲ್ಲ.

“ಅಲ್ಲಮ್ಮಿ, ಸೂರ್ಯಪ್ಪ ಆ ಕಡೀಕೆ ಹೋಯ್ತಾವ್ನೆ. ಸಣ್ಣ ಚುಕ್ಕೀನೂ ಅವನ ಜೊತೇಲೇ ಹೋಯ್ತಾವೆ. ಈ ದಪ್ಪಂದು ಮಾತ್ರ ಯಾಕೆ ಇಲ್ಲೇ ಕುಂತೈತೆ?”

ರಕ್ಷಾ ಬಗ್ಗಿದಳು. ಹೌದು! ಸೂರ್ಯ ಜಾರುತ್ತಾ ಹಾಳೆಯ ಅಂಚಿಗೆ ಹೋಗಿದ್ದ. ದೊಡ್ಡ ಕಲೆ ನಿಂತಲ್ಲೇ ನಿಂತಿತ್ತು. ಅದು ಸೂರ್ಯನದಾಗಿದ್ದರೆ ಸೂರ್ಯನ ಜೊತೆ ಹೋಗಬೇಕಿತ್ತಲ್ಲ?

ಅವಳು ಕೊಳವೆಯನ್ನು ಬೇರೆ ಕಡೆ ತಿರುಗಿಸಿ, ಹಿಂದಿನ ಚಿಕ್ಕ ಗಾಜನ್ನು ಬಿಚ್ಚಿ ನೆರಳಿಗೆ ಹಿಡಿದು ನೋಡಿದಳು. ಗಾಜಿನ ಮೇಲೆ ಒಂದು ಕೆಂಪು ಕಣ ಕೂತಿತ್ತು. ಕುಂಕುಮ! ಬೆಳಕಿಗೆ ಅಡ್ಡ ಬಂದರೆ ಕೆಂಪಿನ ನೆರಳೂ ಕಪ್ಪೇ ತಾನೆ.

ಮೊನ್ನೆ ಆಯುಧಪೂಜೆಯಲ್ಲಿ ಅಜ್ಜಿ ಕುಂಕುಮದ ಬಟ್ಟಲು ಹಿಡಿದು ಹೊರಟವಳು ಕುಡುಗೋಲು, ಗುದ್ದಲಿ, ಟ್ರ್ಯಾಕ್ಟರು, ಮಿಕ್ಸಿ, ಅಣ್ಣನ ಬೈಕು ಯಾವುದನ್ನೂ ಬಿಟ್ಟಿರಲಿಲ್ಲ. ಟೆಲಿಸ್ಕೋಪಿಗೂ ಬೊಟ್ಟಿಟ್ಟಿದ್ದಳು. ರಕ್ಷಾ ಕೊಳವೆಯ ಮೇಲಿನದನ್ನು ಒರೆಸಿದ್ದಳು. ಗಾಜನ್ನು ನೋಡಿರಲಿಲ್ಲ.

“ಎಲ್ಲಾ ನಿನ್ನಿಂದ್ಲೇ ಅಜ್ಜಿ! ಯಾರು ನಿಂಗೆ ಇದಕ್ಕೆಲ್ಲಾ ಬೊಟ್ಟಿಡು ಅಂದಿದ್ದು?” ರಕ್ಷಾ ಕಾಲನ್ನು ನೆಲಕ್ಕೆ ಬಡಿದಳು. “ಈಗ ಸರ್ ಏನಂತಾರೆ?”

ಅಜ್ಜಿಯ ಮುಖ ಚಿಕ್ಕದಾಯಿತು. “ದುಡಿಯೋ ವಸ್ತು, ಒಳ್ಳೇದಾಗ್ಲಿ ಅಂತ ಇಟ್ಟೆ ಕಣಮ್ಮಿ. ಗೊತ್ತಾಗ್ನಿಲ್ಲ.”

ರಕ್ಷಾ ಮೆತ್ತನೆಯ ಬಟ್ಟೆಯಿಂದ ಗಾಜನ್ನು ಒರೆಸಿದಳು. ಒರೆಸುತ್ತಲೇ ಒಂದು ಯೋಚನೆ ಬಂತು. ಕಲೆಗಳು ಕೆಲವು ಸಲ ತಾವೇ ಮಾಯವಾಗುತ್ತವೆ ಅಂತ ಮೇಷ್ಟ್ರೇ ಹೇಳಿದ್ದರು. ಇವತ್ತು ಮಾಯವಾಯಿತು ಅಂತ ಬರೆದುಬಿಟ್ಟರೆ? ಯಾರಿಗೆ ಗೊತ್ತಾಗುತ್ತೆ? ನಿನ್ನೆಯ ಚಿತ್ರವೂ ಉಳಿಯುತ್ತೆ, ಹೆಸರೂ ಉಳಿಯುತ್ತೆ.

“ಫೋನ್ ಕೊಡಮ್ಮಿ,” ಅಂದಳು ಅಜ್ಜಿ. “ಮೇಷ್ಟ್ರಿಗೆ ನಾನೇ ಹೇಳ್ತೀನಿ. ಮಗೀದೇನೂ ತಪ್ಪಿಲ್ಲ ಸ್ವಾಮಿ, ಮುದುಕಿದೇ ತಪ್ಪು ಅಂತ.”

ರಕ್ಷಾ ಅಜ್ಜಿಯನ್ನೇ ನೋಡಿದಳು. ಬೊಟ್ಟಿಟ್ಟವಳು ಅಜ್ಜಿ, ಸರಿ. ಆದರೆ ಎರಡು ದಿನ ಹಾಳೆಯ ಮುಂದೆ ಕೂತೂ ತನಗೆ ಕಾಣದ್ದನ್ನು ಒಂದೇ ಸಲಕ್ಕೆ ಕಂಡವಳೂ ಅಜ್ಜಿಯೇ.

ಫೋನನ್ನು ತಾನೇ ಹಚ್ಚಿದಳು. ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ಆ ಕಡೆ ಮೇಷ್ಟ್ರು ಗಹಗಹಿಸಿ ನಕ್ಕದ್ದು ಅಂಗಳಕ್ಕೆಲ್ಲ ಕೇಳಿಸಿತು.

“ನಿನ್ನೆ ಪುಟ ಅಳಿಸಬೇಡ ಕಣಮ್ಮ. ಪಕ್ಕದಲ್ಲಿ ಏನಾಯ್ತೋ ಅದನ್ನೇ ಬರಿ.”

“ಟೆಲಿಸ್ಕೋಪು ವಾಪಸ್ ಕೊಡಬೇಕಾ ಸರ್?”

“ಯಾಕೆ? ಇನ್ನೂ ಒಂಬತ್ತು ದಿನ ಇದೆಯಲ್ಲ!”

ರಕ್ಷಾ ನಿನ್ನೆಯ ಪುಟ ತೆಗೆದಳು. ಹುಣಸೆ ಬೀಜದಂಥ ಕಲೆ ಒಂದೇ ಇತ್ತು. ಆ ಸಂಭ್ರಮದಲ್ಲಿ ಸಣ್ಣ ಕಲೆಗಳನ್ನು ಬರೆಯುವುದನ್ನೇ ಮರೆತಿದ್ದಳು! ಪಕ್ಕದಲ್ಲಿ ಬರೆದಳು: ‘ಇದು ಸೂರ್ಯನ ಕಲೆ ಅಲ್ಲ. ಕುಂಕುಮ. ಸಣ್ಣ ಕಲೆಗಳನ್ನು ನಾನು ಬರೆದಿಲ್ಲ.’ ಸ್ವಲ್ಪ ಯೋಚಿಸಿ ಇನ್ನೊಂದು ಸಾಲು ಸೇರಿಸಿದಳು: ‘ಕಂಡುಹಿಡಿದವರು: ಕದರಮ್ಮ.’

“ಅಜ್ಜಿ, ಇಲ್ಲಿ ಸೈನ್ ಹಾಕು.”

“ನಾನ್ಯಾಕಮ್ಮಿ? ಇದೇನು ಸಂಘದ ಪುಸ್ತಕವಾ?” ಅನ್ನುತ್ತಲೇ ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡಳು. ನಾಲಿಗೆ ಕಚ್ಚಿಕೊಂಡು, ನಾಲ್ಕು ಅಕ್ಷರ ನಾಲ್ಕು ಕಡೆ ವಾಲುವಂತೆ ತನ್ನ ಹೆಸರು ಬರೆದಳು.

ಅಜ್ಜಿಯ ಕೈಗೆ ಹಾಳೆ ಕೊಟ್ಟು, ರಕ್ಷಾ ಗಾಜನ್ನು ಮತ್ತೆ ಕೂರಿಸಿ ಕೊಳವೆಯನ್ನು ತಿರುಗಿಸಿದಳು. ಸೂರ್ಯ ಮತ್ತೆ ಹಾಳೆಯ ನಡುವೆ ಬಂದ. ಎಷ್ಟು ಚೊಕ್ಕಟವಾಗಿದ್ದ! ಬಲಗಡೆ ಮೂರು ಸಣ್ಣ ಕಲೆಗಳು. ಹದಿನಾರನೆಯ ದಿನದ ಪುಟಕ್ಕೆ ಹೋಲಿಸಿ ನೋಡಿದಳು. ಅವೇ ಮೂರು. ಇವಳು ನೋಡದಿದ್ದರೂ ನಿನ್ನೆಯೂ ತಮ್ಮ ಪಾಡಿಗೆ ತಾವು ಸರಿದಿದ್ದವು.

ರಕ್ಷಾ ಪೆನ್ಸಿಲನ್ನು ಚೂಪು ಮಾಡಿಕೊಂಡಳು.

“ಹಾಳೆ ಅಲ್ಲಾಡಿಸಬೇಡ ಅಜ್ಜಿ.”

“ನೀನು ಬರಿ ಕಣಮ್ಮಿ. ನಾನು ಹಿಡ್ಕಂಡಿವ್ನಿ.”