ಕಣ್ಣು ಉರಿಸುವ ಮಂಜು

೧೯೬೦ರ ಜನವರಿ ೧೨, ಮಂಗಳವಾರ, ಬೆಳಿಗ್ಗೆ ಹನ್ನೊಂದೂವರೆ. ಪುತ್ತೂರು ಠಾಣೆಗೆ ವಿಷಪ್ರಾಶನದ ದೂರು ಬಂತು.

ಕಡಬದ ಬಳಿಯ ಕೋಡಿಂಬಾಳದ ಡೊಂಬಯ್ಯ ಗೌಡರು ಅಂದು ಬೆಳಿಗ್ಗೆ ಸೊಸೆ ಕೊಟ್ಟ ಕಷಾಯ ಕುಡಿದು, ವಾಂತಿ ಮಾಡಿ, ಎದೆ ಹಿಡಿದುಕೊಂಡು ಜಗಲಿಯಲ್ಲಿ ಬಿದ್ದಿದ್ದರು. ವಯಸ್ಸು ಅರುವತ್ತು. ಬಾಡಿಗೆ ಕಾರಿನಲ್ಲಿ ಪುತ್ತೂರಿನ ಆಸ್ಪತ್ರೆಗೆ ತಂದಾಗ ಜೀವ ಇತ್ತು. ದೂರು ಕೊಟ್ಟವರು ಅವರ ತಮ್ಮ ಮಾಯಿಲಪ್ಪ. ಕಷಾಯದಲ್ಲಿ ವಿಷ ಹಾಕಿದ್ದು ಸೊಸೆ ಪ್ರೇಮಾವತಿ ಎಂದು ಅವರು ಹೇಳಿಕೆ ಕೊಟ್ಟರು. ತವರಿಗೆ ಹೋಗುವ ವಿಷಯದಲ್ಲಿ ಹಿಂದಿನ ವಾರ ಮಾವನಿಗೂ ಅವಳಿಗೂ ಮಾತಾಗಿತ್ತಂತೆ.

ಸಬ್‌ಇನ್‌ಸ್ಪೆಕ್ಟರ್ ಉದಯಶಂಕರ ದಂಡ ಸಂಹಿತೆಯ ೩೨೮ನೇ ಕಲಮಿನ ಕೆಳಗೆ ಎಫ್.ಐ.ಆರ್. ದಾಖಲಿಸಿ ಆಸ್ಪತ್ರೆಗೆ ಹೋದರು. ಡಾಕ್ಟರರ ಅಭಿಪ್ರಾಯ ಬೇರೆ ಇತ್ತು. ಇದು ಹೃದಯಾಘಾತ, ಹೃದಯ ಕೆಟ್ಟರೂ ವಾಂತಿ ಬರುತ್ತದೆ, ವಿಷದ ಲಕ್ಷಣ ತನಗೆ ಕಾಣುತ್ತಿಲ್ಲ ಎಂದರು. ಇನ್ನೊಮ್ಮೆ ಹೀಗಾದರೆ ಉಳಿಸುವುದು ಕಷ್ಟ ಎಂದೂ ಸೇರಿಸಿದರು. ಆದರೂ ವಾಂತಿಯ ಮಾದರಿ ರಾಸಾಯನಿಕ ಪರೀಕ್ಷೆಗೆ ಹೋಗಲೇಬೇಕಿತ್ತು. ವರದಿಗೆ ವಾರಗಳು ಹಿಡಿಯುತ್ತವೆ.

ವರದಿ ಬರುವವರೆಗೆ ಹೆಂಡತಿ ಇಚಿಲಂಪಾಡಿಯ ತವರಿನಲ್ಲಿ ಇರಲಿ ಎಂದು ರೋಗಿಯ ಮಗ ಅಚ್ಚುತ ಆಗಲೇ ತೀರ್ಮಾನಿಸಿದ್ದ. ಹಾಗೆ ಹೋದವಳನ್ನು ಯಾರೂ ಮತ್ತೆ ಕರೆತರುವುದಿಲ್ಲ ಎಂಬುದು ಉದಯಶಂಕರರಿಗೂ ಗೊತ್ತಿತ್ತು.

ಮಧ್ಯಾಹ್ನ ಅವರು ಕಾನ್‌ಸ್ಟೇಬಲ್ ದೇರಣ್ಣನ ಜೊತೆ ಕೋಡಿಂಬಾಳ ತಲುಪಿದರು. ಗುಡ್ಡದ ಬುಡದ ತಗ್ಗಿನಲ್ಲಿ ಮನೆ. ಡೊಂಬಯ್ಯನವರನ್ನು ಕಾರಿನವರೆಗೆ ಹೊತ್ತಿದ್ದ ನೆರೆಯವ ತ್ಯಾಂಪಣ್ಣ ಅವರು ಬಿದ್ದ ಜಾಗ ತೋರಿಸಿದ. ಲೋಟ, ಪಾತ್ರೆ ವಶಪಡಿಸಿ ಪಂಚನಾಮೆ ಆಯಿತು. ಪ್ರೇಮಾವತಿ ಬಾಗಿಲ ಬಳಿ ನಿಂತಿದ್ದಳು. ಅತ್ತು ಮುಗಿದಂತಿತ್ತು.

"ಕಷಾಯ ಬೇರೆ ಯಾರು ಕುಡಿದ್ರು?"

"ಯಾರೂ ಇಲ್ಲ. ಮಿಕ್ಕಿದ್ದನ್ನು ನಾಯಿ ನೆಕ್ಕಿತು."

"ಆ ನಾಯಿ ಎಲ್ಲುಂಟು?"

"ಹೊರಗೆ ನಿಮ್ಮ ಪೊಲೀಸರಿಗೆ ಬೊಗಳುದು ಅದೇ."

ದೇರಣ್ಣ ಅಂಗಳದಿಂದಲೇ ಹೌದೆಂದ. ಲಾಠಿ ತೋರಿಸಿದರೂ ನಾಯಿ ಹಿಂದೆ ಸರಿದಿರಲಿಲ್ಲ.

"ಬೀಳುವ ಮೊದಲು ಮಾವ ಎಂತ ಹೇಳಿದ್ರು?"

"ಹಾಳು ಮಂಜು, ಕಣ್ಣು ಉರಿಯುದು ಅಂದ್ರು. ಮೂರು ದಿನದಿಂದ ಹಾಗೇ. ನನಗೂ ಉರಿತಿತ್ತು."

ಉದಯಶಂಕರ ಬರೆಯುವುದನ್ನು ನಿಲ್ಲಿಸಿದರು. ಅವರು ಈಶ್ವರಮಂಗಲದಲ್ಲಿ ಹುಟ್ಟಿದವರು, ಪ್ರತಿ ಚಳಿಗಾಲ ಮಂಜಿನಲ್ಲೇ ಶಾಲೆಗೆ ನಡೆದವರು. ಮಂಜಿಗೆ ಕಣ್ಣು ಉರಿದದ್ದು ಅವರಿಗೆ ನೆನಪಿರಲಿಲ್ಲ.

ಅಂಗಳದ ಹಗ್ಗದಲ್ಲಿ ಡೊಂಬಯ್ಯನವರು ಹೆಗಲಿಗೆ ಹಾಕುವ ಬಿಳಿ ಬೈರಾಸು ಹಿಂದಿನ ದಿನದಿಂದಲೇ ಇತ್ತು. ಅದು ಬೂದಿ ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಬೆರಳಿಗೆ ಎಣ್ಣೆಮಸಿ ಅಂಟುತ್ತಿತ್ತು. ದೇರಣ್ಣ ಮೂಸಿ ನೋಡಿ, ಸುಟ್ಟ ಗೇರುಬೀಜದ ಸಿಪ್ಪೆಯ ವಾಸನೆ ಎಂದ. ಬೈರಾಸೂ ಪಂಚನಾಮೆಗೆ ಸೇರಿತು.

ಸಂಜೆ ಡಾಕ್ಟರರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಏಳು ವರ್ಷದ ಹಿಂದೆ ಲಂಡನ್ನಿನಲ್ಲಿ ಮಂಜಿನ ಜೊತೆ ಕಲ್ಲಿದ್ದಲ ಹೊಗೆ ಕಟ್ಟಿ ಕೆಲವೇ ದಿನಗಳಲ್ಲಿ ಸಾವಿರಾರು ಜನ ಸತ್ತರು, ಶ್ವಾಸಕೋಶ ಅಥವಾ ಹೃದಯ ಮೊದಲೇ ಕೆಟ್ಟವರು ಅದರಲ್ಲಿ ಹೆಚ್ಚು ಎಂದರು.

"ಹೊಗೆಯಿಂದಲೇ ಆಯ್ತು ಅಂತ ನಾನು ಬರೆದು ಕೊಡುದಿಲ್ಲ. ಆದರೆ ಆ ಹೊಗೆ ನಿಲ್ಲದೆ ಇವರನ್ನು ಮನೆಗೆ ಕಳಿಸುದೂ ಇಲ್ಲ."

ಮರುದಿನ ಬೆಳಿಗ್ಗೆ ಆರೂವರೆಗೆ ಕೋಡಿಂಬಾಳದಲ್ಲಿ ಮಂಜು ದಟ್ಟವಾಗಿತ್ತು. ಪಂಚರಾಗಿ ಬರಲು ಮಾಯಿಲಪ್ಪನವರನ್ನೂ ಕರೆಯಲಾಗಿತ್ತು. ಹತ್ತು ಮಾರಿನಾಚೆ ಏನೂ ಕಾಣುತ್ತಿರಲಿಲ್ಲ. ಕಣ್ಣು ಹೆಚ್ಚು ಉರಿಯುವ ಕಡೆಗೆ ನಡೆಯಬೇಕೆಂದು ಉದಯಶಂಕರ ಹೇಳಿದರು.

"ಹಾಗಾದರೆ ಅತ್ತುಕೊಂಡೇ ಹೋಗುದಾ ಸಾರ್?" ದೇರಣ್ಣ ಕೇಳಿದ.

ಹಾಗೆಯೇ ಹೋದರು. ಉರಿ ಕಡಿಮೆಯಾದಲ್ಲಿ ಹಿಂದೆ ಬಂದು ಬೇರೆ ದಾರಿ ಹಿಡಿದರು. ಮನೆಯ ಹಿಂದಿನ ಗುಡ್ಡದ ಕೊರಕಲು ಏರುವಾಗ ಮಾಯಿಲಪ್ಪ ಎರಡು ಸಲ ಕೆಮ್ಮಿ ಕೂತರು. ಮೂರನೆಯ ಸಲ ಏಳುವಾಗ, ಕಷಾಯದ ಮಾತನ್ನು ಹಿಂದೆ ತೆಗೆಯಲು ಆಗ್ತದಾ ಎಂದು ಕೇಳಿದರು. ಮೊದಲು ನಡೆಯಿರಿ ಎಂದರು ಉದಯಶಂಕರ.

ಕೊರಕಲಿನ ತುದಿಯಲ್ಲಿ ಒಲೆ, ಒಲೆಯ ಮೇಲೆ ತಾಮ್ರದ ಹಂಡೆ. ಪಕ್ಕದಲ್ಲಿ ಹುಳಿ ಬಂದ ಬೆಲ್ಲದ ನೀರಿನ ಮಡಕೆಗಳು. ಒಲೆಗೆ ಗೇರುಬೀಜದ ಸಿಪ್ಪೆ ಹಾಕುತ್ತಿದ್ದವನು ತ್ಯಾಂಪಣ್ಣ. ಅವನು ಓಡಲಿಲ್ಲ.

"ಮಂಜಿನ ದಿನವೇ ಯಾಕೆ?"

"ಮಂಜಿನಲ್ಲಿ ಹೊಗೆ ಕಾಣುದಿಲ್ಲ ಸ್ವಾಮಿ."

"ಸಿಪ್ಪೆ ಯಾಕೆ?"

"ಅದರ ವಾಸನೆ ಇದ್ರೆ ಸಾರಾಯಿ ವಾಸನೆ ಗೊತ್ತಾಗುದಿಲ್ಲ."

"ಆ ಹೊಗೆ ಹೋಗುದು ಎಲ್ಲಿಗೆ?"

ತ್ಯಾಂಪಣ್ಣ ಕೆಳಗೆ ನೋಡಿದ. ಹೊಗೆ ಮೇಲೇಳದೆ, ತಣ್ಣಗಿನ ಗಾಳಿಯ ಜೊತೆ ಕೊರಕಲಿನಲ್ಲಿ ಇಳಿದು ಡೊಂಬಯ್ಯನವರ ಅಂಗಳದ ಕಡೆ ಹೋಗುತ್ತಿತ್ತು. ಡಾಕ್ಟರರು ಹೇಳಿದ್ದನ್ನು ಉದಯಶಂಕರ ಅವನಿಗೆ ತಿಳಿಸಿದರು. ಅವನು ಕೈಯಲ್ಲಿದ್ದ ಸಿಪ್ಪೆ ಕೆಳಗೆ ಹಾಕಿದ.

"ಅವರನ್ನು ಕಾರಿಗೆ ಹೊತ್ತದ್ದು ನಾನೇ," ಎಂದ.

"ಗೊತ್ತುಂಟು."

ಒಲೆಗೆ ನೀರು ಸುರಿದವನು ಅವನೇ. ಏಳೂಕಾಲಕ್ಕೆ ಪಾನನಿರೋಧ ಕಾಯಿದೆಯಡಿ ದಸ್ತಗಿರಿ ಆಯಿತು. ಗಾಳಿ ಕೆಡಿಸಿದ್ದಕ್ಕೆ ೨೭೮ನೇ ಕಲಮನ್ನೂ ಸೇರಿಸಲಾಯಿತು. ಮಾಯಿಲಪ್ಪ ಪಂಚನಾಮೆಗೆ ಸಹಿ ಹಾಕಿ, ಮನೆಗೆ ಹೋಗದೆ ನೇರ ಅಣ್ಣನ ಮನೆಗೆ ಇಳಿದು, ಪ್ರೇಮಾವತಿಯ ಹತ್ತಿರ ಕುಡಿಯಲು ನೀರು ಕೇಳಿದರು. ಅಚ್ಚುತ ಅವಳನ್ನು ತವರಿಗೆ ಕಳಿಸಲಿಲ್ಲ. ಮಾದರಿಯಲ್ಲಿ ವಿಷ ಇಲ್ಲವೆಂಬ ವರದಿ ಮಾರ್ಚ್‌ನಲ್ಲಿ ಬಂತು.

ಪಾನನಿರೋಧ ಬರುವವರೆಗೆ ತ್ಯಾಂಪಣ್ಣ ತಾಳೆಮರ ಹತ್ತಿ ಕಳ್ಳು ಇಳಿಸುತ್ತಿದ್ದ. ಬೆಳಗಾದರೆ ಊರಿನವರು ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಕಾಯಿದೆ ಬಂದ ಮೇಲೆ ಯಾರೂ ಬರಲಿಲ್ಲ, ಬೇರೆ ಕೆಲಸಕ್ಕೆ ಕರೆಯಲೂ ಇಲ್ಲ. ಭಟ್ಟಿ ಇಟ್ಟ ಮೇಲೆ ಮತ್ತೆ ಜನ ಬಂದರು ಎಂದಷ್ಟೇ ಅವನ ಹೇಳಿಕೆಯಲ್ಲಿದೆ.

ಡೊಂಬಯ್ಯ ಫೆಬ್ರವರಿ ಕೊನೆಯಲ್ಲಿ ಮನೆಗೆ ಬಂದರು. ಆಮೇಲೆ ಮಂಜು ಬಿದ್ದ ದಿನಗಳಲ್ಲೂ ಅವರಿಗೆ ಎದೆನೋವು ಬರಲಿಲ್ಲ. ಶಿಕ್ಷೆ ಮುಗಿಸಿ ಮೇ ತಿಂಗಳಲ್ಲಿ ಬಂದ ತ್ಯಾಂಪಣ್ಣನನ್ನು ಅವರು ತೆಂಗಿನಕಾಯಿ ಕೊಯ್ಯಲು ಕರೆಸಿದರು. ಮೊದಲ ದಿನ ಅವನು ಹನ್ನೊಂದು ಮರ ಹತ್ತಿದ. ಇಳಿದು ಬಂದಾಗ ಪ್ರೇಮಾವತಿ ಜಗಲಿಗೆ ಎರಡು ಲೋಟ ಕಷಾಯ ತಂದಿಟ್ಟಳು. ಇಬ್ಬರೂ ಕುಡಿದರು.